ಅಕಾರಾಯ್ ಬೆನ್ನಿನ ಮೇಲೆ ಒಂದು ಲೋಟ ನೀರು

ನನಗೊಂದು ಚಾಳಿಯಿದೆ. ಹೊಸ ಜಾಗಕ್ಕೆ ಹೋದ ಕೂಡಲೇ ಕೈಯಲ್ಲಿರುವ ಬಾಟಲಿಯಿಂದ ಒಂದಿಷ್ಟು ನೀರನ್ನು ನೆಲಕ್ಕೆ ಸುರಿದು, ಅದು ಯಾವ ಕಡೆಗೆ ಹೊರಡುತ್ತದೆ ಎಂದು ನೋಡುತ್ತ ನಿಲ್ಲುವುದು. ದೂರದಿಂದ ನೋಡಿದವರಿಗೆ ಊಟದ ಮೊದಲು ಎಲೆಯ ಸುತ್ತ ನೀರು ಬಿಡುವವರ ಹಾಗೆ ಕಾಣುತ್ತೇನಂತೆ. ಹತ್ತಿರದಿಂದ ನೋಡಿದವರಿಗೆ ಹೇಗೆ ಕಾಣುತ್ತೇನೋ, ಅದನ್ನು ನನ್ನ ಮಗಳನ್ನೇ ಕೇಳಬೇಕು.

ಈಚೆಗೆ ಆಸ್ಟಿನ್‌ಗೆ ಹೋದಾಗ ಮಗಳು ಸಾನ್ವಿ ಶೂ ಕೊಳ್ಳಬೇಕೆಂದು ದ ಡೊಮೇನ್ ಎಂಬ ದೊಡ್ಡ ಅಂಗಡಿಬೀದಿಗೆ ಕರೆದೊಯ್ದಳು. ಗಾಜಿನ ಅಂಗಡಿಗಳ ನಡುವೆ ನುಣ್ಣಗೆ ಹಾಸಿದ ಕಲ್ಲು ಕಂಡಿತು. ಕೈ ತಡೆಯಲಿಲ್ಲ, ಸುರಿದೆ. ನೀರು ಸ್ವಲ್ಪ ಹೊತ್ತು ಯೋಚಿಸಿ, ನಿಧಾನವಾಗಿ ಪಾರ್ಕಿಂಗ್ ಕಡೆಗೆ ಹೊರಟಿತು. ನಾನು ಅದರ ಹಿಂದೆ ಹೊರಟೆ. ಸೆಕ್ಯುರಿಟಿಯವನು ನನ್ನ ಹಿಂದೆ ಹೊರಟ.

"ಮ್ಯಾಮ್, ಆರ್ ಯು ಓಕೆ?"

"ಅಮ್ಮಾ, ಪ್ಲೀಸ್. ನಾಟ್ ಹಿಯರ್," ಎಂದು ಸಾನ್ವಿ ಹಲ್ಲು ಕಚ್ಚಿ ಹೇಳಿದಳು. ನನ್ನ ಗಂಡ ಗಿರೀಶ ಮಾತ್ರ ಶಾಂತವಾಗಿ, "ಶಿ ಮೇಕ್ಸ್ ಮ್ಯಾಪ್ಸ್," ಎಂದರು. ಮನೆಯಲ್ಲೊಬ್ಬರಿಗೆ ಮೂರ್ಛೆರೋಗವಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು. ಸೆಕ್ಯುರಿಟಿಯವನಿಗೂ ಅರ್ಥವಾದಂತೆ ಕಂಡಿತು. ತಲೆಯಾಡಿಸಿ ಹೋದ.

ಇದು ಹುಟ್ಟಿದೂರಿನಿಂದ ಬಂದ ಚಾಳಿ. ನಾನು ಧಾರವಾಡದವಳು. ನಮ್ಮೂರಿನಲ್ಲಿ ಒಂದು ಗುಡಿಯಿದೆ. ಅದರ ಮಾಳಿಗೆಯ ಮೂಡಣ ಬದಿಗೆ ಬಿದ್ದ ಮಳೆನೀರು ಬಂಗಾಳ ಕೊಲ್ಲಿಗೆ ಹೋಗುತ್ತದೆ, ಪಡುವಣ ಬದಿಗೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ ಎಂದು ಊರವರು ಹೇಳುತ್ತಾರೆ. ನನ್ನಪ್ಪ ಶಾಲೆಯಲ್ಲಿ ಭೂಗೋಳದ ಮಾಸ್ತರರು. ಮಳೆ ಬಂದರೆ ಒಂದೇ ಕೊಡೆಯಲ್ಲಿ ನನ್ನನ್ನು ಗುಡಿಯ ಮುಂದೆ ಕರೆದೊಯ್ದು ನಿಲ್ಲಿಸುತ್ತಿದ್ದರು. ಮಾಳಿಗೆಯ ಎರಡೂ ಕಡೆಯ ದೋಣಿಗಳಿಂದ ನೀರು ಧೋ ಎಂದು ಬೀಳುತ್ತಿತ್ತು. "ನೋಡವಾ, ಮುಗಲಾಗ ಕೂಡೇ ಇದ್ದ ಎರಡು ಹನಿ. ಒಂದು ಗೇಣು ಆಚೀಚೆ ಬಿದ್ದದ್ದಕ್ಕ ಒಂದು ಅತ್ತ, ಒಂದು ಇತ್ತ. ಮತ್ತ ಭೆಟ್ಟಿ ಆಗೂದು ಯಾವಾಗೋ," ಎನ್ನುತ್ತಿದ್ದರು. ನನಗೆ ಅಳು ಬರುತ್ತಿತ್ತು. ಜೊತೆಗೆ ಜಂಬವೂ ಬರುತ್ತಿತ್ತು. ಎರಡು ಸಮುದ್ರಕ್ಕೆ ನೀರು ಹಂಚುವ ಊರಿನವಳು ನಾನು! ಬರಿಗಾಲಲ್ಲಿ ನಿಂತರೆ ಸಾಕು, ನೆಲ ಯಾವ ಕಡೆ ಇಳಿಯುತ್ತದೆಂದು ಅಂಗಾಲೇ ಹೇಳುತ್ತದೆ ಎಂದು ಗೆಳತಿಯರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬವನ್ನು ನಾನು ಅಲ್ಲೇ ಬಿಟ್ಟು ಬರಬೇಕಿತ್ತು. ಮುಂದೆ ಭೂಗೋಳದಲ್ಲೇ ಎಂ.ಎಸ್ಸಿ. ಮಾಡಿದೆನಾಗಿ ಅದಕ್ಕೊಂದು ಸರ್ಟಿಫಿಕೇಟೂ ಸಿಕ್ಕಿತು.

ಈಗ ಇರುವುದು ಹ್ಯೂಸ್ಟನ್ನಿನ ಪಕ್ಕದ ಕೇಟಿಯಲ್ಲಿ. ಹೆಂಚಿನ ಮೇಲಿನ ದೋಸೆಗಾದರೂ ನಡುವೆ ಒಂದು ಉಬ್ಬಿರುತ್ತದೆ, ಕೇಟಿಯ ನೆಲಕ್ಕೆ ಅದೂ ಇಲ್ಲ. ಮಳೆ ಬಂದರೆ ನೀರು ರಸ್ತೆಯಲ್ಲಿ ನಿಂತು, ಹೋಗಲೋ ಬೇಡವೋ ಎಂದು ಲೆಕ್ಕ ಹಾಕುತ್ತದೆ. ಇಂಥ ಊರಿನಲ್ಲಿ ಕುಳಿತು ನಾನು ಮಾಡುವ ಕೆಲಸವೆಂದರೆ ಬೇರೆಯವರ ಬೆಟ್ಟಗಳ ನಕ್ಷೆ ತಯಾರಿಸುವುದು. ಎರಡು ವರ್ಷದ ಹಿಂದೆ ನನ್ನ ಪರದೆಯ ಮೇಲೆ ಅಕಾರಾಯ್ ಬಂದದ್ದು ಹೀಗೆ.

ಅಕಾರಾಯ್ ಎಂದರೆ ದಕ್ಷಿಣ ಅಮೆರಿಕದಲ್ಲಿ ಗಯಾನಾ ದೇಶ ಮುಗಿದು ಬ್ರೆಜಿಲ್ ಆರಂಭವಾಗುವಲ್ಲಿ ಮಲಗಿರುವ ಬೆಟ್ಟಸಾಲು. ಬೆಟ್ಟವೆಂದರೆ ಹಿಮ, ಶಿಖರ ಎಂದೆಲ್ಲ ಕಲ್ಪಿಸಬೇಡಿ. ನಮ್ಮ ನಂದಿಬೆಟ್ಟ ಎದ್ದು ನಿಂತರೆ ಇವು ಅದರ ಸೊಂಟಕ್ಕೆ ಬಂದಾವು. ಆದರೆ ಮೈತುಂಬ ಕಾಡು ಹೊದ್ದು, ತಲೆಯ ಮೇಲೆ ಮೋಡ ಎಳೆದುಕೊಂಡು, ಭೂಮಧ್ಯರೇಖೆಯ ಸೆಕೆಯಲ್ಲಿ ಗಾಢ ನಿದ್ದೆಯಲ್ಲಿರುವ ಬೆಟ್ಟಗಳು. ರಸ್ತೆಯಿಲ್ಲ, ಊರಿಲ್ಲ. ಉಪಗ್ರಹದಿಂದ ತೆಗೆದ ಯಾವ ಚಿತ್ರದಲ್ಲೂ ಆ ಸಾಲಿನ ಬೆನ್ನು ಕಾಣಿಸುವುದಿಲ್ಲ. ಬರೀ ಬಿಳಿ ಮೋಡ. ನಾವು ನಕ್ಷೆಯವರು ಅಂಥ ಜಾಗವನ್ನು ಖಾಲಿ ಬಿಟ್ಟು, ಪಕ್ಕದ ಗೆರೆಗಳನ್ನು ಅಂದಾಜಿನಲ್ಲಿ ಎಳೆದು ಕೂಡಿಸುತ್ತೇವೆ.

ಅಲ್ಲಿ ದೇಶಗಳ ಗಡಿ ಎಳೆದವರು ಬೇಲಿ ಹಾಕಲಿಲ್ಲ, ಗೋಡೆ ಕಟ್ಟಲಿಲ್ಲ. ನೀರು ಹೇಳಿದ ಹಾಗೆ ಕೇಳಿದರು. ಬೆನ್ನಿನಿಂದ ಉತ್ತರಕ್ಕೆ ಹರಿದ ನೀರೆಲ್ಲ ಎಸೆಕ್ವಿಬೊ ನದಿಗೆ, ಅದು ಗಯಾನಾ. ದಕ್ಷಿಣಕ್ಕೆ ಹರಿದದ್ದೆಲ್ಲ ಅಮೆಜಾನ್‌ಗೆ, ಅದು ಬ್ರೆಜಿಲ್. ಇದನ್ನು ಓದಿದಾಗ ನನಗೆ ಕುಣಿಯುವಂತಾಯಿತು. ಇದು ನಮ್ಮ ಗುಡಿಯ ಮಾಳಿಗೆಯಲ್ಲವೇ! ನಕ್ಷೆಯ ತೊರೆಗಳು ನೆಲದ ಮೇಲೂ ಅದೇ ದಿಕ್ಕಿಗೆ ಹರಿಯುತ್ತವೆಯೇ ಎಂದು ನೋಡಿಬರಲು ಒಬ್ಬರು ಹೋಗಬೇಕೆಂದಾಗ, ಆಫೀಸಿನಲ್ಲಿ ಮೊದಲು ಎತ್ತಿದ ಕೈ ನನ್ನದು.

ಜೊತೆಗೆ ಬಂದವನು ಇರ್ಫಾನ್. ಮೈಸೂರಿನ ಹುಡುಗ, ಡಲ್ಲಾಸ್ ಕಡೆಯ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ, ಬೇಸಿಗೆಗೆ ನಮ್ಮಲ್ಲಿ ಇಂಟರ್ನ್ ಆಗಿದ್ದ. ಹ್ಯೂಸ್ಟನ್‌ನಿಂದ ಗಯಾನಾದ ರಾಜಧಾನಿ ಜಾರ್ಜ್‌ಟೌನ್‌ಗೆ ವಿಮಾನ, ಅಲ್ಲಿಂದ ಆಟೋರಿಕ್ಷಾದಂತೆ ನಡುಗುವ ಪುಟ್ಟ ವಿಮಾನದಲ್ಲಿ ಕೊನೆಯ ಹಳ್ಳಿಯ ಹುಲ್ಲಿನ ರನ್‌ವೇ, ಅಲ್ಲಿಂದ ಮೂರು ದಿನ ದೋಣಿ. ನದಿ ದಿನದಿಂದ ದಿನಕ್ಕೆ ಕಿರಿದಾಗುತ್ತ ಹೋಯಿತು. ಮುದುಕಿಯೊಬ್ಬಳು ವಯಸ್ಸನ್ನು ಒಂದೊಂದಾಗಿ ಕಳಚಿ ಕೂಸಾಗುತ್ತಿದ್ದಾಳೆ ಅನ್ನಿಸುತ್ತಿತ್ತು. ಮರಗಳ ನಡುವಿನಿಂದ ಯಾವುದೋ ಹಕ್ಕಿ ಸಿಳ್ಳೆ ಹಾಕಿ, ನಾವು ತಿರುಗಿ ನೋಡುವುದರೊಳಗೆ ಸುಮ್ಮನಾಗುತ್ತಿತ್ತು.

ನಮ್ಮ ಮಾರ್ಗದರ್ಶಿ ಎಲ್ವಿನ್ ಆ ಕೊನೆಯ ಹಳ್ಳಿಯವನು, ಐವತ್ತು ದಾಟಿದ ಮಿತಭಾಷಿ. ಅವನ ಹಳ್ಳಿಯಲ್ಲಿ ಮರಗೆಣಸಿನ ಹಿಟ್ಟಿನಿಂದ ಅಗಲವಾದ ರೊಟ್ಟಿ ಬೇಯಿಸಿ, ಚಾವಣಿಯ ಮೇಲೆ ಬಿಸಿಲಿಗೆ ಒಣಗಲು ಹಾಕುತ್ತಾರೆ. ನಾನು ಚೀಲದಿಂದ ಖಡಕ್ ರೊಟ್ಟಿ ತೆಗೆದು ಕೊಟ್ಟೆ. ಅವನು ಮುರಿದು, ಮೂಸಿ, ತಿಂದು, "ನಿಮ್ಮ ಚಾವಣಿಯೂ ದೊಡ್ಡದಿರಬೇಕು," ಎಂದ. ಶೇಂಗಾ ಚಟ್ನಿಪುಡಿಯ ಡಬ್ಬಿ ಅಂದಿನಿಂದ ಅವನ ಬೆನ್ನುಬುಟ್ಟಿಗೆ ವರ್ಗವಾಯಿತು.

ಇಲ್ಲಿಯವರೆಗಿನ ಕಥೆಯನ್ನು ನಾನು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಚೆನ್ನಾಗಿಯೇ ಹೇಳುತ್ತೇನೆ. ತೊಡಕು ಇರುವುದು ಮುಂದಿನದರಲ್ಲಿ.

ಬೆಟ್ಟದ ಬೆನ್ನಿನ ಹತ್ತಿರ ಡೇರೆ ಹಾಕಿದ ಮರುದಿನ ನಾವು ಮೂವರೂ ಮೇಲೆ ಹತ್ತಿದೆವು. ಸಾಮಾನು ಹೊತ್ತು ಬಂದಿದ್ದ, ಎಲ್ವಿನ್‌ನ ಊರಿನ ಹಮಾಲರು ಡೇರೆಯಲ್ಲೇ ಉಳಿದರು. ಒಂದು ಗಂಟೆಯ ಕೆಲಸ. ತೇವಕ್ಕೆ ಹಾಳಾಗದಿರಲೆಂದು ಫೋನುಗಳನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಬಂದಿದ್ದೆವು. ದಿಕ್ಸೂಚಿಯನ್ನು ಕೇಳಬೇಡಿ, ಅದು ಡೇರೆಯ ಕಂಬಕ್ಕೆ ನೇತಾಡುತ್ತಿತ್ತು. ಇದ್ದದ್ದು ಇರ್ಫಾನನ ಕೈಯಲ್ಲಿದ್ದ ಜಿಪಿಎಸ್ ಒಂದೇ. ಹೊರಡುವಾಗಲೇ ಅವನು ಹೇಳಿದ್ದ, "ಮೇಡಂ, ಬ್ಯಾಟರಿ ಕಮ್ಮಿ ಇದೆ. ಐದು ನಿಮಿಷ ಕೊಡಿ, ಬೇರೆದು ಹುಡುಕಿ ಹಾಕ್ಕೊಂಡು ಬರ್ತೀನಿ."

"ಅಷ್ಟಕ್ಕ ಸಾಕಾಗತೈತಿ ನಡೀಯೋ. ಮೋಡ ಇಳಿದ್ರ ಎಲ್ಲಾ ಕೆಡತೈತಿ," ಎಂದೆ ನಾನು.

ಮೋಡ ಇಳಿಯಿತು. ಬೆಟ್ಟದ ಬೆನ್ನು ಚಪ್ಪಟೆಯಾಗಿತ್ತು. ನಕ್ಷೆಯಲ್ಲಿ ಕತ್ತಿಯ ಅಲುಗಿನಂತೆ ಎಳೆದ ಗಡಿರೇಖೆ ಅಲ್ಲಿ ಒಂದು ಫುಟ್‌ಬಾಲ್ ಮೈದಾನದಷ್ಟು ಅಗಲವಾಗಿತ್ತು, ಅದರ ತುಂಬ ಮರ, ಬೇರು, ಪಾಚಿ. ಹತ್ತು ಹೆಜ್ಜೆ ಆಚೆಗೆ ಎಲ್ಲವೂ ಹಾಲಿನಂತೆ ಬಿಳಿ. ಜಿಪಿಎಸ್ ಒಮ್ಮೆ ಕುಂಯ್ ಎಂದು ಕಣ್ಣು ಮುಚ್ಚಿತು. ಪರದೆಯ ಮೇಲೆ ನಾನು ಖಾಲಿ ಬಿಟ್ಟಿದ್ದ ಬಿಳಿ ಜಾಗದೊಳಗೇ ನಾನೀಗ ನಿಂತಿದ್ದೆ. ಹೆದರಿಕೆಯಾಗಲಿಲ್ಲ, ನಿಜ ಹೇಳುತ್ತೇನೆ. ಕನಸಿನಲ್ಲಿ ನಡೆದಂತೆ ಹಿತವಾಗಿತ್ತು.

"ಡೇರೆ ಯಾವ ಕಡೆ?" ಎಂದು ಎಲ್ವಿನ್‌ನನ್ನು ಇಂಗ್ಲಿಷಿನಲ್ಲಿ ಕೇಳಿದೆ.

ಅವನು ಬುಟ್ಟಿ ಇಳಿಸಿ, ಒಂದು ಬೇರಿನ ಮೇಲೆ ಆರಾಮವಾಗಿ ಕುಳಿತು, "ಗೊತ್ತಿಲ್ಲ," ಎಂದ. "ಮೋಡ ಹೋಗಲಿ. ಅಲ್ಲಿಯವರೆಗೆ ಕೂರೋಣ."

ಆ ಕಾಡಿನಲ್ಲೇ ಹುಟ್ಟಿದವನು ಗೊತ್ತಿಲ್ಲ ಎನ್ನಬಹುದೇ? ನನಗೆ ಅವನ ಬಗ್ಗೆ ಒಂದು ಬಗೆಯ ಕನಿಕರ ಹುಟ್ಟಿತು. ಬಾಟಲಿ ತೆಗೆದು ನೀರು ಸುರಿದೆ. ಎಲೆಗಳ ನಡುವೆ ಅದು ಮೆಲ್ಲಗೆ ಒಂದು ಕಡೆಗೆ ಜಾರಿತು. ಅಂಗಾಲೂ ಹೌದು ಎಂದಿತು, ದಪ್ಪ ಬೂಟಿನೊಳಗಿನಿಂದ! "ಇದೇ ಉತ್ತರ. ಡೇರೆ ಇರೋದು ಉತ್ತರಕ್ಕ. ನೀರಿನ ಬೆನ್ನು ಹತ್ತಿದ್ರ ಕೆಳಗ ನಮ್ಮ ಹಳ್ಳ ಸಿಗತೈತಿ," ಎಂದು ಇರ್ಫಾನನಿಗೆ ಹೇಳಿದೆ.

"ಮೇಡಂ, ಅವ್ರು ಕೂರಿ ಅಂತಿದಾರಲ್ಲ. ಕೂತ್ಕೊಳ್ಳೋಣ್ವಾ?"

"ನಾನು ಧಾರವಾಡದಾಕಿ ಅದೀನೋ ತಮ್ಮಾ. ನೀರಿನ ವಿಷಯ ನನಗ ಹೇಳಿಕೊಡಬ್ಯಾಡ."

ಇಬ್ಬರೂ ಎದ್ದು ನನ್ನ ಹಿಂದೆ ಬಂದರು. ಒಬ್ಬ ನಾನು ಮೇಡಂ ಎಂದು, ಇನ್ನೊಬ್ಬ ನಾವು ಹಾಳಾಗಿ ಹೋಗಬಾರದೆಂದು.

ತೊರೆ ಸಿಕ್ಕಿತು. ಅದಕ್ಕೆ ಇನ್ನೊಂದು ಕೂಡಿತು, ಮತ್ತೊಂದು ಕೂಡಿತು. ನಾನು ಗೆದ್ದವಳಂತೆ ಮುಂದೆ ನಡೆದೆ. ಮಧ್ಯಾಹ್ನ ದಾಟಿತು, ಮೇಲೆಲ್ಲೋ ಮಳೆ ಹೊಡೆಯಿತು. ಇಷ್ಟೊತ್ತಿಗೆ ಡೇರೆ ಕಾಣಬೇಕಿತ್ತು. ಆಚೆ ದಂಡೆ ಸಮತಟ್ಟಾಗಿದೆ, ದಾಟೋಣ ಎಂದವಳೂ ನಾನೇ. ಎಲ್ವಿನ್ ನೀರನ್ನು ನೋಡಿದ, ನನ್ನನ್ನು ನೋಡಿದ, ಮೊದಲು ತಾನೇ ಇಳಿದ. ನಡುವೆ ಹೋಗಿದ್ದಾಗ ನೀರಿನ ಬಣ್ಣ ಬದಲಾಯಿತು. ಅದೊಂದೇ ನನಗೆ ಈಗಲೂ ಕಾಣುವುದು. ತಿಳಿಯಾಗಿದ್ದದ್ದು ಒಂದು ಉಸಿರಿನಲ್ಲಿ ಚಹಾದ ಬಣ್ಣಕ್ಕೆ ತಿರುಗಿತು, ಮೊಣಕಾಲಿಗಿದ್ದದ್ದು ಎದೆಗೆ ಬಂತು. ಎಲ್ವಿನ್ ಇರಲಿಲ್ಲ.

ಸದ್ದೇ ಆಗಲಿಲ್ಲವೇನೋ ಎನ್ನಿಸುತ್ತದೆ. ನಾನು ದಂಡೆಯ ಮೇಲೆ ಬಾಟಲಿ ಹಿಡಿದು ನಿಂತೇ ಇದ್ದೆ. ಕೆಳಗೆ, ಅಡ್ಡ ಬಿದ್ದ ಮರದ ಕೊಂಬೆಗೆ ಬುಟ್ಟಿಯ ಪಟ್ಟಿ ಸಿಕ್ಕಿ, ಅವನ ತಲೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಓಡಿದವನು ಇರ್ಫಾನ್. ಮರದ ಮೇಲೆ ಹೊಟ್ಟೆಯಲ್ಲಿ ತೆವಳಿ ಹಗ್ಗ ಹಾಕಿದವನೂ ಅವನೇ. "ಮೇಡಂ, ಎಳೀರಿ! ನಿಂತ್ಕೋಬೇಡಿ, ಎಳೀರಿ!" ಎಂದು ಅವನು ಬೈದ ಮೇಲೆ ನನ್ನ ಕೈಗಳಿಗೆ ಜೀವ ಬಂತು. ಎಳೆದು ಮೇಲೆ ಹಾಕಿದಾಗ ಎಲ್ವಿನ್‌ನ ಎಡತೋಳು ಬೇರೆಯವರದ್ದೆಂಬಂತೆ ತಿರುಗಿ ನೇತಾಡುತ್ತಿತ್ತು.

ಆಮೇಲೆ ಮೋಡ ಸರಿದು ಬಿಸಿಲು ಬಂತು. ಚಿನ್ನದ ನೀರಿನಂಥ ಸಂಜೆಯ ಬಿಸಿಲು, ನೀರು ಹರಿಯುವತ್ತ ಮುಖ ಮಾಡಿ ಕುಳಿತಿದ್ದ ನನ್ನ ಬಲಗೆನ್ನೆಯ ಮೇಲೆ ಬಿತ್ತು. ಉತ್ತರಕ್ಕೆ ಮುಖ ಮಾಡಿದವರಿಗೆ ಸೂರ್ಯ ಎಡಗಡೆಗೆ ಮುಳುಗಬೇಕು. ಇದನ್ನು ಅಪ್ಪ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಬೆಳಗಿನಿಂದ ನಾವು ನಡೆದದ್ದು ದಕ್ಷಿಣಕ್ಕೆ. ನಾವು ಕುಳಿತಿದ್ದದ್ದು ಬ್ರೆಜಿಲ್‌ನಲ್ಲಿ. ಇರ್ಫಾನ್ ಬಲಕ್ಕೆ ನೋಡಿದ, ನನ್ನನ್ನು ನೋಡಿದ, ಸಣ್ಣ ದನಿಯಲ್ಲಿ, "ಮೇಡಂ, ಇದು ನನ್ನ ಸ್ಟೂಡೆಂಟ್ ವೀಸಾಕ್ಕೆ ಏನಾದ್ರೂ ತೊಂದ್ರೆ ಆಗತ್ತಾ?" ಎಂದ. ಆ ಮಾತನ್ನು ಎಲ್ವಿನ್‌ಗೆ ಹೇಳಿದಾಗ ಅವನು ನಕ್ಕ. ನೋವಿನಲ್ಲೇ ನಕ್ಕ.

ಅಲ್ಲಿಯ ದೊಡ್ಡ ಮರಗಳಿಗೆ ಹಲಗೆಯಂತೆ ಎದ್ದು ನಿಂತ ಬೇರುಗಳಿರುತ್ತವೆ. ಎಲ್ವಿನ್ ಒಂದೇ ಕೈಯಲ್ಲಿ ಕೊರಡು ಹಿಡಿದು, ದೂರಕ್ಕೆ ಕೇಳಲೆಂದು ಅಂಥದೊಂದು ಬೇರನ್ನು ಬಡಿಯುತ್ತ ಕುಳಿತ. ಧಬ್, ಧಬ್, ಧಬ್. ಹೊತ್ತು ಬಿಟ್ಟು ಹೊತ್ತು. ಮೂರನೆಯ ದಿನ ಆ ಸದ್ದು ಹಿಡಿದು, ಡೇರೆಯಲ್ಲಿದ್ದ ಅವನ ಊರವರು ಬಂದರು. ಈಗಲೂ ಕೇಟಿಯ ಮನೆಯಲ್ಲಿ ಸಾನ್ವಿ ಶೂಗಳನ್ನು ಡ್ರೈಯರ್‌ಗೆ ಹಾಕಿದರೆ ಧಬ್ ಧಬ್ ಎನ್ನುತ್ತದೆ. ನಾನು ಸೌಟು ಹಿಡಿದುಕೊಂಡೇ ಮತ್ತೆ ಆ ಅಡ್ಡ ಬಿದ್ದ ಮರದ ಕೊಂಬೆಯನ್ನು ನೋಡುತ್ತೇನೆ. ತಲೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಸಾರು ಉಕ್ಕುತ್ತದೆ.

ವಾಪಸು ಬಂದ ಮೇಲೆ ಎಲ್ಲರೂ ಕೇಳಿದರು. ಊಟಕ್ಕೆ ಕರೆದವರೆಲ್ಲ ಕೇಳಿದರು. ಮೊದಲ ಸಲ ಯಾರ ಮನೆಯಲ್ಲೋ, "ದಾರಿ ಹೆಂಗ ತಪ್ಪಿದ್ರಿ?" ಎಂದಾಗ ನನ್ನ ಬಾಯಿಂದ, "ಇರ್ಫಾನನ ಜಿಪಿಎಸ್ ಬ್ಯಾಟರಿ ಹೋತ್ರಿ," ಎಂದು ಬಂತು. ಸುಳ್ಳಲ್ಲ. ಎಲ್ಲರೂ ನಕ್ಕರು. ಆ ನಗು ಬಹಳ ಹಿತವಾಗಿತ್ತು. ಎರಡನೆಯ ಸಲ ನಾನೇ ಅದನ್ನು ಹೆಣೆದು, ಅಭಿನಯಿಸಿ ಹೇಳಿದೆ. ನೀರು ಸುರಿದದ್ದು, "ಧಾರವಾಡದಾಕಿ" ಅಂದದ್ದು, ದಂಡೆಯ ಮೇಲೆ ನಿಂತೇ ಇದ್ದದ್ದು, ಇವೆಲ್ಲ ನಾನು ನಕ್ಷೆಯಲ್ಲಿ ಬಿಡುವ ಬಿಳಿ ಜಾಗದ ಹಾಗೆ ಖಾಲಿ ಉಳಿದವು. ಕೇಟಿಯಿಂದ ಆಸ್ಟಿನ್‌ಗೆ, ಆಸ್ಟಿನ್‌ನಿಂದ ಡಲ್ಲಾಸ್‌ಗೆ ಕಥೆ ತಾನೇ ಹರಿದುಹೋಯಿತು. ಇರ್ಫಾನನಿಗೆ 'ಬ್ಯಾಟರಿ' ಎಂಬ ಹೆಸರು ಬಿತ್ತು. ಅವನು ಒಮ್ಮೆಯೂ ತಿದ್ದಲಿಲ್ಲ. ಎದುರಿಗೆ ಸಿಕ್ಕಾಗ "ಚೆನ್ನಾಗಿದೀರಾ ಮೇಡಂ" ಎನ್ನುತ್ತಿದ್ದ, ಅಷ್ಟೆ.

ಹೋದ ತಿಂಗಳು ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನ ಪಾಟೀಲ ಅಂಕಲ್ ಹೊಸ ಮನೆಯ ಊಟಕ್ಕೆ ಕರೆದರು. ವಿಜಯಪುರದವರು, ಕೆರೆಯ ದಂಡೆಗೆ ಮನೆ ಕಟ್ಟಿಸಿದ್ದಾರೆ. ಅವರದು ಜಮೀನು ಅಳೆದುಕೊಡುವ ಸ್ವಂತ ಕಂಪನಿ. ಇರ್ಫಾನನೂ ಬಂದಿದ್ದ. ಓದು ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ, ಸಿಗದಿದ್ದರೆ ಇನ್ನು ಕೆಲವೇ ವಾರಗಳಲ್ಲಿ ದೇಶ ಬಿಡಬೇಕಿತ್ತು. ಒಳಗೆ ಶೇಂಗಾ ಹೋಳಿಗೆಯ ಪರಿಮಳ. ಅಂಕಲ್ ನನ್ನ ತಟ್ಟೆಗೆ ಎಣ್ಣೆಗಾಯಿ ಬಡಿಸುತ್ತ, ದನಿ ತಗ್ಗಿಸಿ ಹೇಳಿದರು:

"ಹುಡುಗ ಚಲೋ ಅದಾನ, ನಮ್ಮಲ್ಲೇ ತಗೋಬೇಕಂತ ಮಾಡಿದ್ದೆ. ಆದ್ರ ನೀವಽ ಹೇಳಿದ್ರಲ್ಲ ಆ ಬ್ಯಾಟರಿ ಕಥಿ. ಕಾಡಿನಾಗ ಒಂದು ಬ್ಯಾಟರಿ ನೋಡ್ಕೊಳ್ಳಾಕ ಆಗದಾಂವ ನಮ್ಮ ಮಷೀನ್ ಏನ್ ನೋಡ್ಕೊಂಡಾನು? ಬ್ಯಾಡ ಅಂತ ಬಿಟ್ಟೆ."

ಆ ಹೊತ್ತಿಗೆ ಅವರ ಹೆಂಡತಿ ಸುಮಂಗಲಾ ಆಂಟಿ ಅಡುಗೆಮನೆಯಿಂದಲೇ ಕೂಗಿದರು, "ಏ, ಎಲ್ಲಾರೂ ಕುಂದರ್ರಿ, ಆಕಿ ಅಮೆಜಾನ್ ಕಥಿ ಹೇಳತಾಳ! ಬ್ಯಾಟರಿನೂ ಬಂದೈತಿ ಇವತ್ತ!"

ನಗು. ಇರ್ಫಾನನೂ ನಕ್ಕ. ನಾನು ಅವನ ನಗುವನ್ನು ನೋಡಿದೆ. ಆ ತೊರೆಯ ನೀರಿನ ಬಣ್ಣ ಬದಲಾದದ್ದು ನನಗೆ ಮತ್ತೆ ಕಂಡಿತು. ಈ ಸಲವೂ ದಂಡೆಯ ಮೇಲೆ ನಿಂತಿದ್ದೆ, ಕೈಯಲ್ಲಿ ಬಾಟಲಿಯ ಬದಲು ತಟ್ಟೆ.

ಹೇಳಿದೆ. ಚೆನ್ನಾಗಿ ಹೇಳಲಿಲ್ಲ. ನಡುನಡುವೆ ತಡವರಿಸಿದೆ. ಬ್ಯಾಟರಿ ಬದಲಿಸುತ್ತೇನೆಂದವನನ್ನು ಬೇಡವೆಂದವಳು ನಾನು, ಕೂರೋಣವೆಂದವರನ್ನು ಎಬ್ಬಿಸಿದವಳು ನಾನು, ಎಲ್ವಿನ್‌ನನ್ನು ನೀರಿಗಿಳಿಸಿದವಳು ನಾನು, ಅವನನ್ನು ಎಳೆದು ಬದುಕಿಸಿದವನು ಇವನು. ಗಿರೀಶ ನನ್ನನ್ನೇ ನೋಡುತ್ತಿದ್ದರು. ಅವರಿಗೂ ನಾನು ಹೇಳಿರಲಿಲ್ಲ.

ಕೊನೆಗೆ ಪಾಟೀಲ ಅಂಕಲ್, "ಅಂದ್ರ ತಪ್ಪು ನಿಮ್ದು, ಹೆಸರು ಅವಂಗ," ಎಂದರು. "ಭಾರೀ ಸರ್ವೇ ಮಾಡೀರಿ ಬಿಡ್ರಿ." ಆಮೇಲೆ ಆ ಕಡೆ ತಿರುಗಿ, "ತಮ್ಮಾ ಇರ್ಫಾನ, ಸೋಮವಾರ ಆಫೀಸಿಗೆ ಬಾ. ಕುಂತು ಮಾತಾಡೂಣು," ಎಂದರು. ಆಂಟಿ, "ಹೋಳಿಗಿ ಆರಾಕತ್ತಾವ್ರಿ," ಎಂದದ್ದೇ ಎಲ್ಲರೂ ಹೋಳಿಗೆಯ ಮೇಲೆ ಬಿದ್ದರು.

ನಾನು ನೀರಿನ ಬಾಟಲಿ ಹಿಡಿದು ಹೊರಗೆ ಡ್ರೈವ್‌ವೇಗೆ ಬಂದು ನಿಂತೆ. ನಡುಹಗಲಿನ ಬಿಸಿಲು. ಸಾಲಾಗಿ ಒಂದೇ ಬಗೆಯ ಹೊಸ ಮನೆಗಳು, ಆಚೆ ಕೆರೆ. ಇರ್ಫಾನ್ ಹಿಂದೆ ಬಂದ. ಈ ಸಲ ಚೆನ್ನಾಗಿದೀರಾ ಎನ್ನಲಿಲ್ಲ.

"ಎರಡು ವರ್ಷ ಆಯ್ತು ಮೇಡಂ. ಒಂದು ಫೋನ್ ಮಾಡಿ ನನಗೊಬ್ಬನಿಗಾದ್ರೂ ಹೇಳಬಹುದಿತ್ತಲ್ವಾ? ಕೆಲವು ಸಲ ನನಗೇ ಅನುಮಾನ ಬರ್ತಿತ್ತು, ತಪ್ಪು ನಂದೇ ಇರಬಹುದಾ ಅಂತ."

ಅಭ್ಯಾಸಬಲದಿಂದ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕಾಂಕ್ರೀಟಿನ ಮೇಲೆ ಒಂದು ಲೋಟದಷ್ಟು ನೀರು ಸುರಿದ. ಇಬ್ಬರೂ ಬಗ್ಗಿ ನೋಡಿದೆವು. ನೀರು ದುಂಡಗೆ ಹರಡಿ, ಆಕಾಶವನ್ನು ಹಿಡಿದುಕೊಂಡು ಸುಮ್ಮನೆ ನಿಂತಿತು.

"ಯಾವ ಕಡೆ ಹೋಗತ್ತೆ ಹೇಳಿ?" ಎಂದು ಕೇಳಿದ.

ನನ್ನ ಅಂಗಾಲು ಏನೋ ಹೇಳಲು ಹೊರಟಿತು. ಅದನ್ನು ಸುಮ್ಮನಿರಿಸಿದೆ.

"ಗೊತ್ತಿಲ್ಲ," ಎಂದೆ.

ಇರ್ಫಾನ್ ಬಾಟಲಿಯನ್ನು ಪಕ್ಕಕ್ಕಿಟ್ಟು, ಗ್ಯಾರೇಜಿನ ಅಂಚಿನ ನೆರಳಿನಲ್ಲಿ ಕುಳಿತು, ನನಗೂ ಜಾಗ ಬಿಟ್ಟ.

"ಹಾಗಾದ್ರೆ ಕೂರೋಣ ಮೇಡಂ," ಎಂದ.